ಕುಂಟು, ಹೆಜ್ಜೆ, ನೆಗೆತ

(ಹುನಗುಂದ ತಾಲೂಕಿನ ಒಂದು ಗ್ರಾಮದಲ್ಲಿ ಯುವಕ ಮಂಡಳದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕ ಎದ್ದು ನಿಂತನೆಂದರೆ ಬೀಜ, ಗೊಬ್ಬರ, ಒಡ್ಡು, ಈ ಮೂರರಲ್ಲಿ ಒಂದರ ಮಾತು ಬಂತೆಂದೇ ತಾವು ತಿಳಿಯುತ್ತೀರಿ. ಇಂದು ಆ ಮೂರೂ ಅಲ್ಲ. ಶಾಲೆಯ ಹಿಂದಿನ ಬಯಲಿನಲ್ಲಿ ನೆಗೆತದ ಹೊಂಡವೊಂದನ್ನು ತೋಡಲು ಅಪ್ಪಣೆ ಬೇಕೆಂದು ಯುವಕ ಮಂಡಳದವರು ಕೇಳಿದ್ದಾರೆ. ಕೆಲವರು ಹಿರಿಯರು, "ಕಳೆ ತೆಗೆಯಲು ಆಳು ಸಿಗದ ಕಾಲದಲ್ಲಿ ಹುಡುಗರಿಗೆ ಜಿಗಿಯುವ ಹುಚ್ಚು ಯಾಕೆ?" ಎಂದಿದ್ದಾರೆ. ಎರಡೂ ಕಡೆಯ ಮಾತಿನಲ್ಲಿ ನ್ಯಾಯ ಉಂಟು. ಆದುದರಿಂದ ಈ ಆಟವೆಂದರೇನು, ಅದನ್ನು ಆಡಿದವರು ಯಾರು, ಅವರ ಬಾಳಿನಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಹೇಳುತ್ತೇನೆ. ತೀರ್ಮಾನ ತಮ್ಮದು.

ಈ ಆಟಕ್ಕೆ ಶಾಲೆಯಲ್ಲಿ ತ್ರಿವಿಧ ಜಿಗಿತವೆಂದು ಹೆಸರು. ಹೆಸರು ದೊಡ್ಡದು, ಆಟ ಸರಳ. ದೂರದಿಂದ ಓಡಿ ಬಂದು ಗುರುತಿನ ಹಲಗೆಯನ್ನು ಒಂದು ಕಾಲಿನಿಂದ ಒದೆಯಬೇಕು. ಅದೇ ಕಾಲಿನ ಮೇಲೆ ನೆಲಕ್ಕಿಳಿದರೆ ಅದು ಕುಂಟು. ಅಲ್ಲಿಂದ ಹಾರಿ ಇನ್ನೊಂದು ಕಾಲಿನ ಮೇಲೆ ಇಳಿದರೆ ಅದು ಹೆಜ್ಜೆ. ಅಲ್ಲಿಂದ ಮತ್ತೆ ಹಾರಿ ಎರಡೂ ಕಾಲು ಜೋಡಿಸಿ ಉಸುಕಿನಲ್ಲಿ ಬಿದ್ದರೆ ಅದು ನೆಗೆತ. ಓಣಿಯಲ್ಲಿ ಗೆರೆ ಕೊರೆದು ಒಂದೇ ಕಾಲಿನಲ್ಲಿ ಕುಂಟುತ್ತ ಬಿಲ್ಲೆ ದಬ್ಬುವ ನಮ್ಮ ಹೆಣ್ಣುಮಕ್ಕಳಿಗೆ ಇದರ ಮೊದಲ ಪಾಠ ಆಗಲೇ ಬರುತ್ತದೆ. ಹಳ್ಳಕ್ಕೆ ನೀರು ಬಂದಾಗ ಕಲ್ಲಿನಿಂದ ಕಲ್ಲಿಗೆ ಹಾರಿ ಹೊಲಕ್ಕೆ ಹೋಗುವವರಿಗೆ ಎರಡನೆಯ ಪಾಠವೂ ಬರುತ್ತದೆ.

ಇದು ಬಲದ ಆಟವೆಂದು ಮಾತ್ರ ತಿಳಿಯಬೇಡಿರಿ. ಮೊದಲನೆಯ ಕುಂಟಿನಲ್ಲಿಯೇ ಎಲ್ಲ ಬಲವನ್ನೂ ಸುರಿದವನು ಹೆಜ್ಜೆಯಲ್ಲಿ ಕುಸಿಯುತ್ತಾನೆ. ನೆಗೆತಕ್ಕೆ ಏನೂ ಉಳಿಯುವುದಿಲ್ಲ. ಮೂರೂ ಹೆಚ್ಚುಕಡಿಮೆ ಸಮ ಅಳತೆಯಲ್ಲಿ, ಸಮ ತಾಳದಲ್ಲಿ ಬೀಳಬೇಕು. ಇಳಕಲ್ಲಿನ ನೇಕಾರರು ಮಗ್ಗದ ತುಳಿಗೋಲನ್ನು ತುಳಿಯುವ ತಾಳವನ್ನು ಕೇಳಿದ್ದೀರಲ್ಲವೇ? ಒಂದು ತುಳಿತ ಜೋರು, ಒಂದು ತುಳಿತ ಮೆತ್ತಗೆ ಆದರೆ ಸೀರೆಯಲ್ಲಿ ದೋಷ ಕಾಣುತ್ತದೆ. ಇಲ್ಲಿಯೂ ಹಾಗೆಯೇ.

ಇದರ ಇತಿಹಾಸ ಸ್ವಲ್ಪ ಕೇಳಿರಿ. ಹೊಸ ಕಾಲದ ಒಲಿಂಪಿಕ್ ಕ್ರೀಡೆಗಳು 1896ರಲ್ಲಿ ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ಆರಂಭವಾದವು. ಅಲ್ಲಿ ಎಲ್ಲಕ್ಕಿಂತ ಮೊದಲು ಗೆಲುವು ಪಡೆದವನು ಓಟಗಾರನಲ್ಲ, ಜಟ್ಟಿಯಲ್ಲ. ತ್ರಿವಿಧ ಜಿಗಿತದ ಅಮೇರಿಕೆಯ ಜೇಮ್ಸ್ ಕೊನೊಲಿ ಎಂಬವನು. ಅವನು ಜಿಗಿದದ್ದು 13.71 ಮೀಟರು, ಅಂದರೆ ಸುಮಾರು 45 ಅಡಿ.

ಆಗಿನ ಕಾಲದಲ್ಲಿ ಓಡಿ ಬರದೆ ನಿಂತಲ್ಲಿಂದಲೇ ಮೂರು ಸಲ ಹಾರುವ ಪಂದ್ಯವೂ ಇತ್ತು. 1900 ಮತ್ತು 1904ರ ಒಲಿಂಪಿಕ್ಕುಗಳಲ್ಲಿ ಅದನ್ನು ಗೆದ್ದವನು ರೇ ಯೂರಿ. ಈತನಿಗೆ ಚಿಕ್ಕಂದಿನಲ್ಲಿ ಪೋಲಿಯೊ ತಗುಲಿ ಗಾಲಿಕುರ್ಚಿಯಲ್ಲಿ ಕೂಡಬೇಕಾಗಿತ್ತು. ಹಟ ಹಿಡಿದು ದಿನವೂ ಕಾಲಿಗೆ ಕಸರತ್ತು ಕೊಟ್ಟ. ಪ್ಯಾರಿಸ್ಸಿನಲ್ಲಿ ನಿಂತಲ್ಲಿಂದ ಮೂರು ನೆಗೆತಕ್ಕೆ 10.58 ಮೀಟರು, ಸುಮಾರು 34 ಅಡಿ 8 ಅಂಗುಲ ದಾಟಿದ. 1900ರಿಂದ 1908ರವರೆಗಿನ ಮೂರು ಒಲಿಂಪಿಕ್ಕುಗಳಲ್ಲಿ ನಿಂತು ಜಿಗಿಯುವ ಪಂದ್ಯಗಳಲ್ಲಿಯೇ ಒಟ್ಟು 8 ಚಿನ್ನದ ಪದಕ ಗಳಿಸಿದ. ಬೆಳೆ ಬಾಡಿತೆಂದು ಹರಗಿ ಬಿಡುವ ಮೊದಲು ಒಂದು ಮಳೆಯ ದಾರಿ ಕಾಯಬೇಕೆಂದು ನಾವು ಹೇಳುತ್ತೇವಲ್ಲ, ಮಕ್ಕಳ ವಿಷಯದಲ್ಲಿಯೂ ಆ ಮಾತು ನಿಜ.

ಇನ್ನು ನಮ್ಮ ಏಷಿಯಾ ಖಂಡದ ಕಡೆಗೆ ಬರೋಣ. ಮಿಕಿಯೊ ಓದಾ ಎಂಬವರು 1905ರಲ್ಲಿ ಜಪಾನಿನ ಹಿರೋಶಿಮಾ ಸೀಮೆಯಲ್ಲಿ ಹುಟ್ಟಿದರು. 1924ರಲ್ಲಿ ಪ್ಯಾರಿಸ್ ಒಲಿಂಪಿಕ್ಕಿಗೆ ಹೋದಾಗ ತ್ರಿವಿಧ ಜಿಗಿತದಲ್ಲಿ ಆರನೆಯವರಾದರು. ಊರಿಗೆ ಮರಳಿ ನಾಲ್ಕು ವರ್ಷ ಸಾಧನೆ ಮಾಡಿದರು. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ 15.21 ಮೀಟರು ಜಿಗಿದು ಚಿನ್ನದ ಪದಕ ಪಡೆದರು. ಏಷಿಯಾದ ಯಾವ ದೇಶದವರೂ ಅದಕ್ಕೆ ಮೊದಲು ಒಬ್ಬರೇ ಆಡುವ ಪಂದ್ಯದಲ್ಲಿ ಒಲಿಂಪಿಕ್ ಚಿನ್ನ ಗೆದ್ದಿರಲಿಲ್ಲ. 1931ರಲ್ಲಿ 15.58 ಮೀಟರು ಜಿಗಿದು ಜಗತ್ತಿನ ದಾಖಲೆಯನ್ನೂ ಮಾಡಿದರು.

ನನಗೆ ಹಿಡಿಸಿದ ಸಂಗತಿ ಇದರ ಮುಂದಿನದು. 1928ರಲ್ಲಿ ಓದಾ ಗೆದ್ದ ಅದೇ ಪಂದ್ಯದಲ್ಲಿ ಚುಹೇಯಿ ನಾಂಬು ಎಂಬ ಇನ್ನೊಬ್ಬ ಜಪಾನಿ ನಾಲ್ಕನೆಯವನಾಗಿದ್ದ. 1932ರಲ್ಲಿ ಆ ನಾಂಬು 15.72 ಮೀಟರು ಜಿಗಿದು ಚಿನ್ನ ಗೆದ್ದ. 1936ರಲ್ಲಿ ನಾವೊತೊ ತಾಜಿಮಾ ಎಂಬ ಮೂರನೆಯ ಜಪಾನಿ ಸರಿಯಾಗಿ 16 ಮೀಟರು ಜಿಗಿದು ಚಿನ್ನ ಗೆದ್ದ. ಮೂರು ಒಲಿಂಪಿಕ್ಕು, ಮೂವರು ಬೇರೆ ಬೇರೆ ಮನುಷ್ಯರು, ದೇಶ ಒಂದೇ. ಒಳ್ಳೆಯ ತೆನೆ ಕಂಡಾಗ ಅದನ್ನು ಕುಟ್ಟಿ ತಿಂದು ಮುಗಿಸದೆ ಬೀಜಕ್ಕೆ ಎತ್ತಿಡುವುದೆಂದರೆ ಇದೇ. ಒಬ್ಬ ಕಲಿತದ್ದು ಇನ್ನೊಬ್ಬನಿಗೆ ದಾಟಿತು.

ನಮ್ಮ ಕಡೆ ಏನಾಗುತ್ತಿತ್ತು? 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟಕ್ಕೆ ಸರ್ ದೊರಾಬ್ಜಿ ಟಾಟಾ ಅವರು ಅಧ್ಯಕ್ಷರಾಗಿ ಬಂದಿದ್ದರು. ಅಲ್ಲಿ ಹಳ್ಳಿಯ ರೈತರು ಬರಿಗಾಲಿನಲ್ಲಿ ಓಡುವುದನ್ನು ಕಂಡು ಆಶ್ಚರ್ಯಪಟ್ಟರು. ಇವರ ಓಟ ಯುರೋಪಿನವರ ಓಟಕ್ಕೆ ಬಹಳ ಹಿಂದಿಲ್ಲವೆಂದು ಅವರಿಗೆ ತೋರಿತು. ಒಲಿಂಪಿಕ್ಕಿನ ಚಿಕ್ಕ ದೂರದ ಓಟಕ್ಕೆ ಎಷ್ಟು ಹೊತ್ತು ಬೇಕಾದೀತೆಂದು ಅವರು ಅಲ್ಲಿಯ ಒಬ್ಬ ಮುಖಂಡರನ್ನು ಕೇಳಿದರಂತೆ. ಆ ಮುಖಂಡರು ನಿಮಿಷಗಳ ಲೆಕ್ಕ ಹೇಳಿದರಂತೆ! ಅಲ್ಲಿ ಸೆಕೆಂಡಿನ ಹತ್ತನೆಯ ಭಾಗವನ್ನೂ ಎಣಿಸುತ್ತಾರೆಂದು ಕೇಳಿ ಅವರು ಬೆರಗಾದರು. ಓಡುವ ಕಾಲು ನಮ್ಮಲ್ಲಿತ್ತು, ಅಳೆಯುವ ಗಡಿಯಾರ ಇರಲಿಲ್ಲ. ರೋಗ ಇದೇ ಆಗಿತ್ತು.

ಟಾಟಾ ಅವರ ಪ್ರಯತ್ನದಿಂದ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ಒಲಿಂಪಿಕ್ಕಿಗೆ ನಾಲ್ವರು ಓಟಗಾರರೂ ಇಬ್ಬರು ಕುಸ್ತಿಪಟುಗಳೂ ಹೋದರು. ಆ ಓಟಗಾರರಲ್ಲಿ ಒಬ್ಬರು ನಮ್ಮ ನೆರೆಯ ಬೆಳಗಾವಿಯವರು, ಫಡೆಪ್ಪ ದರೆಪ್ಪ ಚೌಗುಲೆ. ಅವರು ಓಡಿದ್ದು ಮ್ಯಾರಥಾನ್. ಆ ವರ್ಷ ಅದರ ದೂರ 42 ಕಿಲೋಮೀಟರು 750 ಮೀಟರು. ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ದಾರಿಗಿಂತಲೂ ಹೆಚ್ಚು. ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ ಚೌಗುಲೆಯವರು 19ನೆಯವರಾದರು. ಜಗತ್ತಿನ ಓಟಗಾರರ ನಡುವೆ 19ನೆಯ ಸ್ಥಾನವೆಂದರೆ ಅಂದಿಗೂ ಇಂದಿಗೂ ಸಣ್ಣ ಮಾತಲ್ಲ.

ಈಗ ತ್ರಿವಿಧ ಜಿಗಿತದ ನಮ್ಮವರೊಬ್ಬರ ಕಥೆಯನ್ನು ಹೇಳುತ್ತೇನೆ. ಇಂದಿನ ಭಾಷಣದ ಜೀವವೇ ಇದು.

ಹೆನ್ರಿ ರೆಬೆಲ್ಲೊ ಎಂಬವರು 1928ರಲ್ಲಿ, ಓದಾ ಅವರು ಚಿನ್ನ ಗೆದ್ದ ಅದೇ ವರ್ಷ, ಹುಟ್ಟಿದರು. ಬೆಂಗಳೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಜಿಗಿತದಲ್ಲಿ ಹೆಸರು ಮಾಡಿದರು. 1948ರಲ್ಲಿ, 19ನೆಯ ವಯಸ್ಸಿನಲ್ಲಿ, 50 ಅಡಿ 2 ಅಂಗುಲ ಜಿಗಿದರು. ಮೀಟರಿನ ಲೆಕ್ಕದಲ್ಲಿ 15.29. ಓದಾ ಅವರಿಗೆ ಚಿನ್ನ ತಂದ ಜಿಗಿತಕ್ಕಿಂತಲೂ ಇದು 8 ಸೆಂಟಿಮೀಟರು ಹೆಚ್ಚು. ಸ್ವತಂತ್ರ ಭಾರತ ಮೊದಲ ಬಾರಿಗೆ ತನ್ನ ಧ್ವಜ ಹಿಡಿದು ಹೋದ ಲಂಡನ್ ಒಲಿಂಪಿಕ್ಕಿನಲ್ಲಿ ಈ ಹುಡುಗನಿಗೆ ಪದಕ ಬರಬಹುದೆಂಬ ನಿರೀಕ್ಷೆ ಇತ್ತು.

ಲಂಡನ್ನಿನಲ್ಲಿ ಅರ್ಹತೆಯ ಸುತ್ತನ್ನು ದಾಟಿ ಅವರು ಕೊನೆಯ ಪಂದ್ಯಕ್ಕೆ ಬಂದರು. ಆಗಸ್ಟ್ ತಿಂಗಳಾದರೂ ಅಂದು ಥಂಡಿ. ರೆಬೆಲ್ಲೊ ಅವರು ತಮ್ಮ ಮೊದಲ ಜಿಗಿತಕ್ಕೆ ಸಿದ್ಧರಾಗಿ ನಿಂತರು. ಅಷ್ಟರಲ್ಲಿ ಅಧಿಕಾರಿಯೊಬ್ಬರು ತಡೆದರು. ಬೇರೊಂದು ಪಂದ್ಯದ ಪದಕ ಕೊಡುವ ಸಮಾರಂಭ ನಡೆಯುವುದಿತ್ತು; ಅದು ಮುಗಿಯುವವರೆಗೆ ಕಾಯಬೇಕಾಯಿತು. ಬಿಸಿಯಾಗಿದ್ದ ಮೈ ಆ ಗಾಳಿಗೆ ತಣ್ಣಗಾಯಿತು. ಸಮಾರಂಭ ಮುಗಿದ ಕೂಡಲೇ ಜಿಗಿಯಲು ಕರೆ ಬಂತು. ಮತ್ತೆ ಮೈ ಬಿಸಿ ಮಾಡಿಕೊಳ್ಳದೆ ಅವರು ಪೂರ್ಣ ವೇಗದಲ್ಲಿ ಓಡಿ ಬಂದು ಹಲಗೆಯನ್ನು ಒದೆದರು. ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಜಿಗಿತ ಪೂರ್ತಿಯಾಗದೆ ಹೊಂಡದಲ್ಲಿ ಬಿದ್ದರು. ಅವರ ಒಲಿಂಪಿಕ್ ಅಲ್ಲಿಗೆ ಮುಗಿಯಿತು.

ಅಂದು ಸ್ವೀಡನ್ನಿನ ಆರ್ನೆ ಓಮನ್ 15.40 ಮೀಟರು ಜಿಗಿದು ಚಿನ್ನ ಗೆದ್ದರು. ಎರಡನೆಯವರಾದ ಆಸ್ಟ್ರೇಲಿಯಾದ ಜಾರ್ಜ್ ಏವರಿ ಜಿಗಿದದ್ದು 15.36. ಮೂರನೆಯವರು ತುರ್ಕಸ್ತಾನದ ರೂಹಿ ಸಾರಿಯಾಲ್ಪ್, 15.02. ಲೆಕ್ಕ ಹಾಕಿ ನೋಡಿರಿ. ರೆಬೆಲ್ಲೊ ಅವರು ದೇಶದಲ್ಲಿ ಜಿಗಿದಿದ್ದ 15.29 ಅನ್ನು ಅಲ್ಲಿ ಇನ್ನೊಮ್ಮೆ ಜಿಗಿದಿದ್ದರೂ ಮೂರನೆಯ ಪದಕ ಅವರದಾಗುತ್ತಿತ್ತು. ಚಿನ್ನಕ್ಕೂ ಅವರಿಗೂ ನಡುವೆ ಇದ್ದದ್ದು 11 ಸೆಂಟಿಮೀಟರು, ಒಂದು ಗೇಣಿಗಿಂತಲೂ ಕಡಿಮೆ.

ಅವರು ಮತ್ತೆ ಒಲಿಂಪಿಕ್ಕಿಗೆ ಹೋಗಲಿಲ್ಲ. ಆದರೆ ಬಾಳು ಕೆಡಿಸಿಕೊಂಡು ಕೂಡಲಿಲ್ಲ. ವಾಯುಪಡೆಯನ್ನು ಸೇರಿ ಗ್ರೂಪ್ ಕ್ಯಾಪ್ಟನ್ ಹುದ್ದೆಯವರೆಗೆ ಏರಿದರು. 2013ರಲ್ಲಿ ತೀರಿಕೊಂಡರು.

ಹಿರಿಯರೇ, ಎತ್ತಿನ ಮನೆಯವರಾದ ತಮಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರಹುಣ್ಣಿಮೆಯ ದಿನ ಕರಿ ಹರಿಯಲು ಎತ್ತನ್ನು ಓಡಿಸುತ್ತೇವೆ. ತೆರಬಂಡಿ ಪಂದ್ಯಕ್ಕೆ ಹೂಡುತ್ತೇವೆ. ಕೊಟ್ಟಿಗೆಯಲ್ಲಿ ಮಲಗಿದ್ದ ಎತ್ತನ್ನು ಎಬ್ಬಿಸಿ ಆ ಕ್ಷಣವೇ ಯಾರಾದರೂ ಚಬುಕಿನಿಂದ ಹೊಡೆದು ಓಡಿಸುತ್ತಾರೆಯೇ? ಮೊದಲು ಅಡ್ಡಾಡಿಸುತ್ತೇವೆ, ಮೈ ತಿಕ್ಕುತ್ತೇವೆ, ಆಮೇಲೆ ಹೂಡುತ್ತೇವೆ. ಎತ್ತಿನ ಬಗೆಗೆ ಇರುವ ಈ ತಿಳಿವಳಿಕೆಯನ್ನು ನಮ್ಮ ಮಕ್ಕಳ ಮೈಯ ಬಗೆಗೆ ನಾವು ತೋರಿಸುವುದಿಲ್ಲ. ಜಾತ್ರೆಯಲ್ಲಿ ಗುಂಡು ಎತ್ತುವ ಹುಡುಗ, ಚೀಲ ಹೊರುವ ಹುಡುಗ, ನೆರೆದವರು ಕೂಗಿದ ಕೂಡಲೇ ಅಂಗಿ ಬಿಚ್ಚಿ ಇಳಿದುಬಿಡುತ್ತಾನೆ. ನಡು ಹಿಡಿದುಕೊಂಡು ಮನೆಗೆ ಹೋದರೆ ಹಿಂಗಾರಿ ಬಿತ್ತಿಗೆಗೆ ಒಬ್ಬ ಆಳು ಕಡಿಮೆಯಾದಂತೆಯೇ.

ಆದುದರಿಂದ ನಾಲ್ಕು ಮಾತುಗಳನ್ನು ನೆನಪಿಡಿರಿ. ಆಟಕ್ಕಾಗಲಿ ಭಾರದ ಕೆಲಸಕ್ಕಾಗಲಿ ಮೊದಲು ಹತ್ತು ಹದಿನೈದು ನಿಮಿಷ ಮೆಲ್ಲಗೆ ಓಡಿ, ಕೈಕಾಲು ಬೀಸಿ, ಮೈ ಬಿಸಿ ಮಾಡಿಕೊಳ್ಳಬೇಕು. ನಡುವೆ ತಡವಾದರೆ ಮತ್ತೆ ಮಾಡಿಕೊಳ್ಳಬೇಕು. ಯಾರು ಅವಸರ ಮಾಡಿದರೂ "ಎರಡು ನಿಮಿಷ ತಡೆಯಿರಿ" ಎನ್ನಲು ನಾಚಬಾರದು. ಸ್ನಾಯು ಎಳೆದರೆ ಆಟವನ್ನು ಅಲ್ಲಿಗೇ ನಿಲ್ಲಿಸಬೇಕು. ತಣ್ಣೀರಿನ ಬಟ್ಟೆ ಇಟ್ಟು, ಹದವಾಗಿ ಕಟ್ಟು ಕಟ್ಟಿ, ಕಾಲನ್ನು ಎತ್ತರದಲ್ಲಿರಿಸಿ ಮಲಗಬೇಕು. ಮೊದಲ ಎರಡು ಮೂರು ದಿನ ಬಿಸಿ ಶಾಖ ಕೊಡುವುದು, ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದು ಸಲ್ಲದು; ಅದರಿಂದ ಒಳಗಿನ ಬಾವು ಹೆಚ್ಚುತ್ತದೆ. ನಡೆಯಲು ಬಾರದಿದ್ದರೆ ವೈದ್ಯರಿಗೆ ತೋರಿಸಬೇಕು.

ಇನ್ನು ಹೊಂಡದ ವಿಚಾರ. ನಮ್ಮದು ಎರಿ ನೆಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಅಂಟುತ್ತದೆ. ಎರಡೂ ಕಾಲಕ್ಕೆ ಜಿಗಿಯುವವನಿಗೆ ಅಪಾಯ. ಶಾಲೆಯ ಹಿಂದಿನ ಬಯಲಿನಲ್ಲಿ ಗರಸು ಇರುವ ದಿಬ್ಬದ ಭಾಗವನ್ನು ಆರಿಸಿದರೆ ನೀರು ನಿಲ್ಲುವುದಿಲ್ಲ. ಹೊಂಡ 9 ಅಡಿ ಅಗಲ, 26 ಅಡಿ ಉದ್ದ, ಒಂದು ಅಡಿ ಆಳ ಇರಲಿ. ಅದಕ್ಕೆ ಸುಮಾರು 234 ಘನ ಅಡಿ, ಅಂದರೆ ಎರಡೂಕಾಲು ಬ್ರಾಸಿಗಿಂತ ತುಸು ಹೆಚ್ಚು ಉಸುಕು ಬೇಕು. ಹಳ್ಳದ ಉಸುಕನ್ನು ನಮ್ಮ ಮನಸ್ಸಿಗೆ ಬಂದಂತೆ ತರುವ ಹಾಗಿಲ್ಲ. ಪಂಚಾಯತಿಗೆ ಅರ್ಜಿ ಕೊಟ್ಟು, ಅಪ್ಪಣೆ ಪಡೆದು ತರಬೇಕು. ತಂದ ಉಸುಕನ್ನು ಸಾಣಿಸಿ ಕಲ್ಲು, ಗಾಜು, ಮುಳ್ಳು ತೆಗೆಯಬೇಕು.

ಓಡಿ ಬರುವ ಹಾದಿ 4 ಅಡಿ ಅಗಲ, ಸುಮಾರು 130 ಅಡಿ ಉದ್ದ ಇರಬೇಕು. ಗರಸು ಹಾಕಿ, ನೀರು ಚಿಮುಕಿಸಿ, ರೂಲು ಎಳೆದರೆ ಸಾಕು. ಒದೆಯುವ ಹಲಗೆಯನ್ನು ನೆಲದ ಮಟ್ಟಕ್ಕೆ ಹುಗಿದು ಸುಣ್ಣ ಬಳಿಯಬೇಕು. ಮೇಲೆದ್ದರೆ ಕಾಲು ಮುರಿಯುತ್ತದೆ. ದೊಡ್ಡ ಪಂದ್ಯಗಳಲ್ಲಿ ಹಲಗೆಯಿಂದ ಹೊಂಡಕ್ಕೆ ಗಂಡಸರಿಗೆ 13 ಮೀಟರು, ಹೆಂಗಸರಿಗೆ 11 ಮೀಟರು ಇರುತ್ತದೆ. ನಮ್ಮ ಶಾಲೆಯ ಮಕ್ಕಳಿಗೆ 7 ಮೀಟರಿನಿಂದ ಆರಂಭಿಸಿದರೆ ಆಯಿತು. ಬೆಳೆದಂತೆ ಹಲಗೆಯನ್ನು ಹಿಂದಕ್ಕೆ ಸರಿಸಬಹುದು. ಹಲಗೆಯನ್ನು ದಾಟಿ ತುಳಿದರೆ ಆ ಜಿಗಿತ ಲೆಕ್ಕಕ್ಕಿಲ್ಲ. ಉಸುಕಿನಲ್ಲಿ ಹಲಗೆಗೆ ಹತ್ತಿರದ ಗುರುತು ಯಾವುದೋ ಅಲ್ಲಿಂದ ಅಳೆಯಬೇಕು. ಜಿಗಿದವನು ಹಿಂದಕ್ಕೆ ಕೈಯೂರಿದರೆ ಕೈಯ ಗುರುತಿನಿಂದಲೇ ಅಳತೆ. ಅದಕ್ಕೇ ಮುಂದಕ್ಕೆ ಬೀಳುವುದನ್ನು ಕಲಿಯಬೇಕು.

ಒಂದು ಎಚ್ಚರಿಕೆ. ಕುಂಟಿನ ಮತ್ತು ಹೆಜ್ಜೆಯ ಇಳಿತದಲ್ಲಿ ಒಂದೇ ಕಾಲಿನ ಮೇಲೆ ಮೈಭಾರದ ಹಲವು ಪಟ್ಟು ಭಾರ ಬೀಳುತ್ತದೆ. ಎಳೆಯ ಎಲುಬಿಗೆ ಇದು ದಿನವೂ ತಡೆಯದು. ಚಿಕ್ಕ ಮಕ್ಕಳು ಮೆತ್ತನೆಯ ನೆಲದಲ್ಲಿ ಕುಂಟಾಟ, ಹಗ್ಗದಾಟ ಆಡಲಿ. ದೊಡ್ಡವರೂ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಪೂರ್ಣ ಜಿಗಿತ ಜಿಗಿಯದಿರಲಿ. ಉಳಿದ ದಿನ ಓಟ, ಬೈಠಕ್ಕು ಸಾಕು.

"ಹುಡುಗಿಯರೂ ಜಿಗಿಯಬೇಕೇ?" ಎಂದು ತಾಯಿಯೊಬ್ಬರು ಕೇಳಿದರು. ಒಲಿಂಪಿಕ್ಕಿನಲ್ಲಿ ಹೆಂಗಸರಿಗೆ ಈ ಪಂದ್ಯ ಸೇರಿದ್ದು 1996ರಲ್ಲಿ, ಗಂಡಸರಿಗಿಂತ ಸರಿಯಾಗಿ ನೂರು ವರ್ಷ ತಡವಾಗಿ. ತಲೆಯ ಮೇಲೊಂದು ಕೊಡ, ಬಗಲಲ್ಲೊಂದು ಕೊಡ ಹೊತ್ತು ನಡೆಯುವ ನಮ್ಮ ಹೆಣ್ಣುಮಕ್ಕಳ ಕಾಲಿಗೆ ಬಲ ಇಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಅವರಿಗೆ ಬೇರೆ ಹೊತ್ತು ಗೊತ್ತುಮಾಡಿ, ಶಾಲೆಯ ಗುರುಮಾತೆಯರು ಜೊತೆಗಿದ್ದು ಆಡಿಸಲಿ.

ಕೊನೆಯದಾಗಿ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಹೊಂಡ ತೋಡಿದ ಮಾತ್ರಕ್ಕೆ ಪದಕ ಬಾರದು. ಹುಡುಗರೆಲ್ಲ ಒಲಿಂಪಿಕ್ಕಿಗೆ ಹೋಗುವರೆಂದು ಆಸೆ ಹುಟ್ಟಿಸಲು ನಾನು ಬಂದಿಲ್ಲ. ಹೊಲದ ಕೆಲಸ ಬಿಟ್ಟು ಆಡಿರೆಂದೂ ಹೇಳುವುದಿಲ್ಲ. ಬಿತ್ತಿಗೆ, ಕಟಾವಿನ ದಿನಗಳಲ್ಲಿ ಹೊಂಡಕ್ಕೆ ರಜೆ. ಯುವಕ ಮಂಡಳದವರು ಈ ಮಾತನ್ನು ತಮ್ಮೆಲ್ಲರ ಮುಂದೆ ಒಪ್ಪಿದ್ದಾರೆ. ಉಳಿದ ದಿನ ಸಂಜೆ ಒಂದು ತಾಸು. ಆ ತಾಸು ಈಗ ಎಲ್ಲಿ ಹೋಗುತ್ತಿದೆ ಎಂಬುದು ನನಗಿಂತ ತಮಗೆ ಚೆನ್ನಾಗಿ ಗೊತ್ತು.

2022ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ತ್ರಿವಿಧ ಜಿಗಿತದ ಚಿನ್ನ ಮತ್ತು ಬೆಳ್ಳಿ ಎರಡೂ ನಮ್ಮ ದೇಶಕ್ಕೆ ಬಂದವು. ಎಲ್ದೋಸ್ ಪೌಲ್ 17.03 ಮೀಟರು, ಅಬ್ದುಲ್ಲಾ ಅಬೂಬಕರ್ 17.02 ಮೀಟರು. ಇಬ್ಬರೂ ಪಕ್ಕದ ಕೇರಳದವರು. ಅವರ ನಡುವೆ ಇದ್ದದ್ದು ಒಂದೇ ಸೆಂಟಿಮೀಟರು. ಅವರ ಕಾಲು ಬೇರೆ ಮಣ್ಣಿನಿಂದ ಆದದ್ದಲ್ಲ. ಅಲ್ಲಿ ಹೊಂಡ ಇತ್ತು, ಅಳೆಯುವ ಟೇಪು ಇತ್ತು, ಕಲಿಸುವವರು ಇದ್ದರು.

ಹೊಲದ ಮಣ್ಣನ್ನು ಪರೀಕ್ಷೆಗೆ ಕಳಿಸಿರೆಂದು ನಾನು ಪ್ರತಿ ವರ್ಷ ತಮ್ಮ ಬೆನ್ನು ಹತ್ತುತ್ತೇನೆ. ನೋಡದೆ ಯಾವ ನೆಲದಲ್ಲಿ ಏನಿದೆಯೆಂದು ಹೇಳಲಾಗದು. ಈ ಊರಿನ ಮಕ್ಕಳ ಕಾಲಿನಲ್ಲಿ ಎಷ್ಟು ಅಡಿ ಇದೆಯೆಂದು ಇದುವರೆಗೆ ಯಾರೂ ಅಳೆದಿಲ್ಲ. ಅಳೆದು ನೋಡೋಣ. ಅಳತೆ ಸಾಮಾನ್ಯವಾಗಿ ಬಂದರೂ ನಷ್ಟವೇನೂ ಇಲ್ಲ, ಗಟ್ಟಿ ಕಾಲಿನ ಒಕ್ಕಲಿಗರು ಊರಿಗೆ ಉಳಿಯುತ್ತಾರೆ.

ಪಂಚಾಯತಿಗೆ ಕೊಡುವ ಅರ್ಜಿಯನ್ನು ಬರೆದು ತಂದಿದ್ದೇನೆ. ಒಪ್ಪಿಗೆಯಾದ ಹಿರಿಯರು ಸಹಿ ಮಾಡಬೇಕು. ಬರುವ ಅಮಾವಾಸ್ಯೆಯ ದಿನ ಎತ್ತಿಗೆ ಬಿಡುವು ಇರುತ್ತದೆ. ಅಂದು ಮನೆಗೊಬ್ಬರಂತೆ ಗುದ್ದಲಿ, ಬುಟ್ಟಿ ತೆಗೆದುಕೊಂಡು ಬಂದರೆ ಮಧ್ಯಾಹ್ನದ ಬುತ್ತಿ ಬಿಚ್ಚುವುದರೊಳಗೆ ತೋಡುವ ಕೆಲಸ ಮುಗಿಯುತ್ತದೆ. ಅಳತೆಯ ಟೇಪನ್ನು ನಾನು ತರುತ್ತೇನೆ.